ಯಾರ ಶಸ್ತ್ರದಿಂದ?

ನಮ್ಮ ಸರ್ಕಾರ ಹೊರದೇಶಕ್ಕೆ ಬಂದೂಕು ಮಾರಿತೆಂಬ ಸುದ್ದಿ ಓದಿ ಹೆಮ್ಮೆಪಟ್ಟ ನೀವು, ಆ ಬಂದೂಕು ಕೊನೆಗೆ ಯಾರ ಪಾಲಾಯಿತೆಂದು ಒಮ್ಮೆಯಾದರೂ ಕೇಳಿದ್ದೀರಾ?

ಹೊಳೆನರಸೀಪುರದ ಹೈಸ್ಕೂಲು ಮೇಡಂ ಚೂಡಾಮಣಿಯೂ ಕೇಳಿದವಳಲ್ಲ. ಆಫ್ರಿಕಾದ ಒಂದು ದೇಶದಲ್ಲಿ ಗಣಿತ ಕಲಿಸುತ್ತಿದ್ದ ಅವಳ ತಮ್ಮ ಪ್ರದ್ಯುಮ್ನನನ್ನು ೨೦೦೩ರಲ್ಲಿ ದರೋಡೆಕೋರರು ಗುಂಡಿಕ್ಕಿ ಕೊಂದರು. ಅಲ್ಲಿನ ನ್ಯಾಯಾಲಯಕ್ಕೆ ಹೋಗಿಬಂದ ಅವನ ಸಹೋದ್ಯೋಗಿ ಫೋನಿನಲ್ಲಿ ವಿವರ ತಿಳಿಸಿದ. ಕೊಂದ ಆ ಬಂದೂಕನ್ನು ಆ ದೇಶದ ಪೊಲೀಸರಿಗೆ ಮಾರಿದ್ದು ನಮ್ಮದೇ ಸರ್ಕಾರ. ಪೊಲೀಸರ ಉಗ್ರಾಣದಿಂದ ಅದು ಗುಟ್ಟಾಗಿ ದರೋಡೆಕೋರರಿಗೆ ಬಿಕರಿಯಾಗಿತ್ತು. ಅದರ ಮೇಲಿದ್ದ ಕಾರ್ಖಾನೆಯ ಮುದ್ರೆಯನ್ನು ಅವನು ವರ್ಣಿಸುತ್ತಿದ್ದಂತೆ ಚೂಡಾಮಣಿಯ ತಂದೆ ಸಂಪತ್ಕುಮಾರರು ರಿಸೀವರನ್ನು ಕೆಳಗಿಟ್ಟುಬಿಟ್ಟರು. ಅವರು ಬಂದೂಕು ಪರೀಕ್ಷಕರಾಗಿ ನಿವೃತ್ತರಾದದ್ದು ಅದೇ ಸರ್ಕಾರಿ ಕಾರ್ಖಾನೆಯಿಂದ.

ಆ ಮಾರಾಟದ ಬಗ್ಗೆ ಒಂದು ದೂರು ಬರೆದು, ಅದನ್ನು ದಿಲ್ಲಿಗೆ ಕಳಿಸಿರೆಂದು ಕೇಳಲು ಚೂಡಾಮಣಿ ಹಾಸನದ ಅಹವಾಲು ಸಭೆಗೆ ಒಬ್ಬಳೇ ಹೋದಳು.

"ಅದು ನಮ್ಮ ಬಂದೂಕೇ ಅಂತ ಹೇಳೋರ್ಯಾರು ಮೇಡಂ? ತಿಳಿದೋರನ್ನ ಕರ್ಕೊಂಡ್ಬನ್ನಿ" ಎಂದು ಅಧಿಕಾರಿ ನಕ್ಕ.

ತಿಳಿದವರು ಮನೆಯಲ್ಲೇ ಇದ್ದರು. ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ.

"ಅನ್ನ ಹಾಕಿದ ಕಾರ್ಖಾನೆ ಕಣೇ. ಅವನ ಜಾತಕದಲ್ಲೇ ಗಂಡಾಂತರ ಇತ್ತು. ಎಲ್ಲ ಶನಿಯ ಕಾಟ."

"ಶನಿ ಬಂದೂಕು ಮಾರ್ತಾನೇನಪ್ಪ?"

ತಂದೆ ಎದ್ದು ಒಳಗೆ ಹೋದರು. ಮಗಳು ಕೇಳುವುದನ್ನು ಬಿಡಲಿಲ್ಲ.

ಮರುವರ್ಷದ ಪಿತೃಪಕ್ಷ ಬಂತು. ಆಯುಧದಿಂದ ಸತ್ತವರಿಗೆಂದೇ ಮೀಸಲಾದ ಚತುರ್ದಶಿಯಂದು ಹೇಮಾವತಿಯ ದಡದಲ್ಲಿ ಸಂಪತ್ಕುಮಾರರು ಮಗನ ಶ್ರಾದ್ಧಕ್ಕೆ ಕುಳಿತರು. "ಶಸ್ತ್ರಹತನಾದ ನನ್ನ ಪುತ್ರನಿಗೆ ಅಂತನ್ನಿ" ಎಂದರು ಶಾಸ್ತ್ರಿಗಳು. ಮುದುಕರು ಎಳ್ಳುನೀರು ಹಿಡಿದ ಅಂಗೈಯನ್ನು ಹಿಂದಕ್ಕೆಳೆದುಕೊಂಡರು.

"ಯಾರ ಶಸ್ತ್ರ ಅಂತ ಹೇಳೋದು ಬೇಡ್ವೇ?"

"ಶಸ್ತ್ರ ಅಂದ್ರೆ ಸಾಕು ಸ್ವಾಮಿ. ಪಿತೃಗಳೇನು ಪಂಚನಾಮೆ ಬರೀತಾರಾ?"

"ಸಾಕಾಗಲ್ಲ ಶಾಸ್ತ್ರಿಗಳೇ. ನಮ್ಮ ಕಾರ್ಖಾನೆಯಲ್ಲಿ ತಯಾರಾದದ್ದು, ನಮ್ಮ ಸರ್ಕಾರ ಮಾರಿದ್ದು. ಅದನ್ನ ಬಚ್ಚಿಟ್ಟು ನೀರು ಬಿಟ್ರೆ ನನ್ನ ಮಗನಿಗೆ ಮುಟ್ಟುತ್ತಾ?"

ಹೊಳೆಯ ದಡದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅದನ್ನು ಹೇಳಿಯೇ ಅವರು ಎಳ್ಳುನೀರು ಬಿಟ್ಟರು. ಚೂಡಾಮಣಿ ಕಣ್ಣೊರೆಸಿಕೊಂಡಳು, ಸೋಮವಾರದ ಹಾಸನದ ಬಸ್ಸಿಗೆ ಇಬ್ಬರೂ ಹೊರಟರು.

ಸಭೆಯಲ್ಲಿ ಸಂಪತ್ಕುಮಾರರು ನೆಟ್ಟಗೆ ನಿಂತರು. "ಮುದ್ರೆ ನಮ್ಮ ಕಾರ್ಖಾನೆಯದೇ. ಮಾರಿದ ಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನಾವ್ಯಾರೂ ವಿಚಾರಿಸ್ಲಿಲ್ಲ. ವಿಚಾರಿಸಲೇಬೇಕು ಅಂತ ಕಾನೂನು ಆಗ್ಬೇಕು."

"ಒಬ್ಬರ ಮಾತಿಗೆ ದಿಲ್ಲಿ ಕಿವಿಗೊಡುತ್ತಾ ಯಜಮಾನರೇ?" ಎಂದ ಅಧಿಕಾರಿ.

ನಾಲೆಯ ದೂರು ಹೊತ್ತು ಗೊರೂರಿನಿಂದ ಬಂದಿದ್ದ ಬೋರಪ್ಪ ಹಿಂದಿನ ಸಾಲಿನಿಂದ ಎದ್ದ. "ಒಬ್ರು ಅಂತ ಯಾಕಂದೀರಿ ಸಾ? ನನ್ನೂ ಸೇರುಸ್ಕಳಿ!"

ಅವನ ಪಕ್ಕದವನೂ ಎದ್ದ. ಅಧಿಕಾರಿ ನಗಲಿಲ್ಲ, ದೂರು ತೆಗೆದುಕೊಂಡ.

ಓದುಗರೇ, ನಿಮ್ಮ ತಾಲ್ಲೂಕಿನ ಮುಂದಿನ ಸಭೆಯಲ್ಲಿ ನೀವೂ ಎದ್ದು ನಿಲ್ಲಿ. ಆ ಕಾನೂನು ಬರುವ ತನಕ ದಯವಿಟ್ಟು ಕೂರಬೇಡಿ.