ಉಗ್ರಾಣದ ಬಾಗಿಲಲ್ಲಿ ಚನ್ನಬಸಮ್ಮ

"ಇನ್ನೊಂಚೂರು ಎಡಕ್ಕೆ. ಕುತ್ತಿಗೆ ವಾಲ್ತಾ ಐತೆ ನೋಡು, ಗಟ್ಟಿಯಾಗ್ ಹಿಡ್ಕೊ" ಎಂದು ಮಲ್ಲಪ್ಪ ಗದರಿದಾಗ ನಂದೀಶ ಅತ್ತೆಯ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಚನ್ನಬಸಮ್ಮನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಸತ್ತವರನ್ನು ಮಲಗಿಸಿ ಒಯ್ಯುವುದು ಇವರಲ್ಲಿಲ್ಲ. ಕೂತೇ ಹೋಗಬೇಕು, ಕೂತೇ ಮಣ್ಣಾಗಬೇಕು. ಬೆಳಗಿನ ಜಾವ ಹಾಸನದ ಆಸ್ಪತ್ರೆಯಿಂದ ತಂದ ಹೆಣ ಸೆಟೆದುಕೊಳ್ಳುವ ಮೊದಲೇ ಕಾಲು ಮಡಿಸಬೇಕೆಂದು ಕೇರಿಯ ಹಿರಿಯ ಮಲ್ಲಪ್ಪನಿಗೆ ಅವಸರ. ಬಟ್ಟೆಯ ಪಟ್ಟಿಯಿಂದ ಗೂಟಕ್ಕೆ ಕಟ್ಟಿ, ಹಣೆಗೂ ತೋಳಿಗೂ ವಿಭೂತಿ ಬಳಿದರು. ಎಡಗೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲಿಟ್ಟರು. ಅದರಲ್ಲಿ ಲಿಂಗ ಇಡಬೇಕು.

ಆ ಅಂಗೈ ನೋಡಲಾರದೆ ನಂದೀಶ ಮುಖ ತಿರುಗಿಸಿದ.

ಹೊಸ್ತಿಲ ಬಳಿ ಅವನ ಅಪ್ಪ ಸೋಮಯ್ಯ ಕುಕ್ಕರುಗಾಲಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ನಾನೇ ಕೊಂದೆ ನಮ್ಮಕ್ಕನ್ನ. ಕೆಮ್ಮು ಅಂತ ಗೊತ್ತಿದ್ದೂ ಕಾಫಿ ಕಣ ಕಾಯೋಕೆ ಕೂರಿಸ್ದೆ. ಆ ಇಬ್ಬನಿಲಿ ಕೂತು ಕೂತೇ ಎದೆಗೆ ನೆಗಡಿ ಇಳಿದಿದ್ದು."

ಸಮಾಧಾನ ಹೇಳಲು ಬಂದವರು ಸಮಾಧಾನವನ್ನೇ ಹೇಳುತ್ತಾರೆಂದೇನಿಲ್ಲ. "ಹೆಣ್ಣೆಂಗಸು ಸೋಮಣ್ಣ, ಆ ವಯಸ್ಸಲ್ಲಿ ಕಣ ಕಾಯೋದು ಅಂದ್ರೆ..." ಎಂದು ಯಾರೋ ಅರ್ಧಕ್ಕೆ ನಿಲ್ಲಿಸಿದರು. ಸೋಮಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ನಂದೀಶನ ಬಾಯಿಗೆ ಮಾತು ಬಂದು ನಿಂತಿತು. ಅಪ್ಪಾಜಿ ನೀವಲ್ಲ ಎನ್ನಬೇಕು. ಅಷ್ಟೇ. ಆದರೆ ಅಷ್ಟು ಹೇಳಿದರೆ, ಮತ್ತೆ ಯಾರು ಎಂದು ಕೇಳುತ್ತಾರೆ. ಅವನು ಹಿತ್ತಲಿಗೆ ಹೋಗಿ ಬಿಲ್ವಪತ್ರೆ ಬಿಡಿಸುತ್ತ ಕೂತ.

*

"ನಂಗೆ ಗಡ್ಡ ಯಾಕೋ?"

ಮೊದಲ ದಿನ ಫೋನು ನೋಡಿ ಅತ್ತೆ ಕೇಳಿದ್ದು ಇದು. ನಂದೀಶ ಶನಿವಾರಸಂತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಿಡುವಾದಾಗಲೆಲ್ಲ ಫೋನಿನಲ್ಲಿ ಆಡುತ್ತಿದ್ದ. ಆ ಆಟದಲ್ಲಿ ಅವನೊಬ್ಬ ಯೋಧ. ಕಾಡುಮೇಡು ಅಲೆದು, ರಾಕ್ಷಸರನ್ನು ಹೊಡೆದು, ಕತ್ತಿ, ಕೊಂಬು, ಕವಚ ತರುವವನು. ಆದರೆ ಯೋಧನ ಚೀಲ ಬೇಗ ತುಂಬಿಬಿಡುತ್ತದೆ. ಅದಕ್ಕೇ ಆಡುವವರೆಲ್ಲ ಇನ್ನೊಂದು ಆಳು ಮಾಡಿಟ್ಟುಕೊಳ್ಳುತ್ತಾರೆ. ಅದು ಯುದ್ಧಕ್ಕೆ ಹೋಗುವುದಿಲ್ಲ. ಪೇಟೆಯ ಉಗ್ರಾಣದ ಬಾಗಿಲಲ್ಲಿ ಕೂತು ಯೋಧನ ಸಾಮಾನು ಹೊತ್ತುಕೊಂಡಿರಬೇಕು, ಗಿರಾಕಿ ಬಂದರೆ ಮಾರಬೇಕು, ಅಷ್ಟೇ. ಉಗ್ರಾಣದೊಳಗೆ ಇಟ್ಟುಬಿಟ್ಟರೆ ಸಾಮಾನು ಭದ್ರ, ಆದರೆ ಮಾರಾಟಕ್ಕೆ ಸಿಗುವುದಿಲ್ಲ. ಒಂದು ಫೋನ್ ನಂಬರಿಗೆ ಒಂದೇ ಆಳು ಎಂಬ ನಿಯಮವಿತ್ತು. ನಂದೀಶ ಅತ್ತೆಯ ಫೋನಿನಲ್ಲಿ ಆಟ ಹಾಕಿ ಅವಳ ನಂಬರು ಕೊಟ್ಟ. ಅವಸರದಲ್ಲಿ ಕಣ್ಣಿಗೆ ಬಿದ್ದ ಗಡ್ಡದ ಗಂಡಸನ್ನು ಆರಿಸಿದ. ಹೆಸರು ಕೇಳಿದಾಗ ಇಂಗ್ಲಿಷಿನಲ್ಲಿ 'ಸ್ಟೋರ್ ಟು' ಎಂದು ಹೊಡೆದ.

"ತಲೆ ಮೇಲೆ ಏನೋ ಬರ್ದೈತಲ್ಲ?"

"ನಿನ್ನ ಹೆಸರೇ ಅತ್ತೆ."

"ಚನ್ನಬಸಮ್ಮ ಅಂತಾನಾ? ಗಡ್ಡದ ಮೇಲೆ?" ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಗಂಡ ತೀರಿಕೊಂಡು ಸಣ್ಣ ವಯಸ್ಸಿಗೇ ತವರಿಗೆ ಬಂದವಳು. ಯಾರಿಗೂ ಇಟ್ಟುಕೊಳ್ಳಲು ಪುರುಸೊತ್ತಿಲ್ಲದ್ದು ಅವಳ ಹತ್ತಿರ ಇರುತ್ತಿತ್ತು: ಬಿತ್ತನೆಯ ಬೀಜ, ಬೀಗದ ಕೈ, ಕೆಲಸಕ್ಕೆ ಹೋದವರ ಕೂಸುಗಳು. ತಾಯಿ ಇಲ್ಲದ ನಂದೀಶನೂ ಹಾಗೆ ಅವಳ ಬಳಿ ಉಳಿದವನೇ. ಈಗ ಅವನ ಕತ್ತಿ, ಕವಚವೂ ಬಂದವು. ಅವಳು ಅವನ್ನು ಚೀಲದಲ್ಲಿ ದೊಡ್ಡದು ಮೇಲೆ, ಚಿಕ್ಕದು ಕೆಳಗೆ ಎಂದು ಸಾಲಾಗಿ ಜೋಡಿಸಿಟ್ಟಳು. ಮನೆ ತಗ್ಗಿನಲ್ಲಿದ್ದುದರಿಂದ ಸಿಗ್ನಲ್ ಸಿಗುತ್ತಿದ್ದದ್ದು ಕಣದ ಅಂಚಿನ ಚಪ್ಪಡಿಕಲ್ಲಿನ ಮೇಲೆ ಮಾತ್ರ. ಕಾಫಿಗೆ ದನ ಬಾಯಿ ಹಾಕದಂತೆ ಕಾಯುತ್ತ ಅವಳು ಅಲ್ಲೇ ಕೂರುತ್ತಿದ್ದಳು, ಎಡ ಅಂಗೈ ಮೇಲೆ ಫೋನಿಟ್ಟು, ಅದನ್ನೇ ದಿಟ್ಟಿಸುತ್ತ. ಸುಮ್ಮನೆ ಕೂತ ಆಳನ್ನು ಆಟ ಆಗಾಗ 'ಇದ್ದೀರಾ?' ಎಂದು ಕೇಳುತ್ತದೆ. ಹಸಿರು ಗುಂಡಿ ಒತ್ತದಿದ್ದರೆ ಅಂಗಡಿ ಮುಚ್ಚಿತು.

"ಚನ್ನಬಸಮ್ಮಕ್ಕಂದು ಬೆಳಿಗ್ಗೆ ಲಿಂಗಪೂಜೆ, ಸಂಜೆ ಫೋನ್ ಪೂಜೆ" ಎಂದು ಕಾಫಿ ಕೊಯ್ಯುವ ಹೆಂಗಸರು ಛೇಡಿಸುತ್ತಿದ್ದರು.

ಒಮ್ಮೆ ಅವಳು ಕೇಳಿದಳು. "ಆ ಊರ ಬಾಗಿಲಾಚೆ ಏನೈತೋ? ಎಲ್ರೂ ಹೋಗ್ತಾ ಬರ್ತಾ ಇರ್ತಾರೆ. ನಾನೂ ಒಂದ್ಸಲ ನೋಡ್ಲಾ?"

"ಬೇಡ ಅತ್ತೆ. ನಿಂಗೆ ಶಕ್ತಿ ಇಲ್ಲ, ಆಚೆ ಕಾಲಿಟ್ರೆ ಸಾಯ್ತೀಯ. ನೀನು ಸತ್ರೆ ನನ್ನ ಸಾಮಾನೆಲ್ಲ ಹೋಯ್ತು."

"ಅಯ್ಯೋ, ಹಂಗಾದ್ರೆ ಬೇಡಪ್ಪ" ಎಂದಳು.

*

ಬಿದಿರು, ಬಾಳೆದಿಂಡು ಕಟ್ಟಿ ಮಾಡಿದ ವಿಮಾನದಲ್ಲಿ ಚನ್ನಬಸಮ್ಮ ಕೂತಿದ್ದಳು. ಜೀವನದಲ್ಲಿ ಯಾವತ್ತೂ ಅವಳನ್ನು ಯಾರೂ ಅಷ್ಟು ಎತ್ತರದಲ್ಲಿ ಕೂರಿಸಿರಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗಿದ್ದ ತೋಟದ ಆಳುಹೆಣ್ಣು ದೊಡ್ಡಿ, ಜನರ ಮಧ್ಯೆ ನುಸುಳಿ ಬಂದು ನಂದೀಶನ ಕೈಗೆ ಫೋನು ತುರುಕಿದಳು.

"ತಗೊ ನಂದೀಶಪ್ಪ, ಅಮ್ಮೋರ್ದು. ಅಲ್ಲೂ ಇದನ್ನ ಹಿಡ್ಕಂಡೇ ಇದ್ರು. 'ಹುಡುಗನ ಸಾಮಾನೈತೆ ಕಣೆ ದೊಡ್ಡಿ, ಜೋಪಾನ' ಅಂತ ಅದೇ ಮಾತು."

ನಂದೀಶ ಫೋನನ್ನು ಜೇಬಿಗಿಳಿಸಿ ವಿಮಾನಕ್ಕೆ ಹೆಗಲು ಕೊಟ್ಟ.

ತೋಟದ ಮೂಲೆಯಲ್ಲಿ ಗುಂಡಿ ಸಿದ್ಧವಾಗಿತ್ತು. ಒಳಗಿನ ಗೂಡಿನಲ್ಲಿ ಅವಳನ್ನು ಕೂರಿಸಿ, ಅಯ್ಯನವರು ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಸುತ್ತ ಪತ್ರೆ, ವಿಭೂತಿ, ಉಪ್ಪು. ಮೊದಲ ಹಿಡಿ ಮಣ್ಣು ಹಾಕಬೇಕಾದ ಸೋಮಯ್ಯನ ಕೈ ಮುಂದೆ ಹೋಗಲಿಲ್ಲ. "ತಪ್ಪಾಯ್ತು ಕಣಕ್ಕ, ತಪ್ಪಾಯ್ತು" ಎಂದು ಗುಂಡಿಯ ಅಂಚಿಗೇ ಕುಸಿದರು. ನಂದೀಶ ಅವರ ರಟ್ಟೆ ಹಿಡಿದು ಎಬ್ಬಿಸಿದ. ಎಬ್ಬಿಸುವಾಗಲೂ ಅವನು ಮಾತಾಡಲಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

*

ಅತ್ತೆ ಆಸ್ಪತ್ರೆ ಸೇರುವ ಮೊದಲಿನ ಆ ಸಂಜೆ ಆಟದಲ್ಲಿ ಜಾತ್ರೆಯ ಸಂತೆ ಇತ್ತು. ಎಷ್ಟೋ ವಾರ ಅಲೆದು ಗಿಟ್ಟಿಸಿದ ಬೆಳ್ಳಿಕೊಂಬು ಮಾರಲು ಅದೇ ತಕ್ಕ ಹೊತ್ತು. ಅತ್ತೆ ಎಂದಿನಂತೆ ಹೊತ್ತು ಮುಳುಗುವ ಮೊದಲೇ ಕಾಫಿ ರಾಶಿ ಮಾಡಿ, ಟಾರ್ಪಲ್ ಹೊದಿಸಿ, ಒಳಗೆ ಹೊರಟಿದ್ದಳು. ಅಂಗಡಿಯಿಂದ ನಂದೀಶನ ಫೋನು ಬಂತು.

"ಅತ್ತೆ, ಇವತ್ತೊಂದಿನ ಕೂತ್ಕೊ. ಕೊಂಬಿಗೆ ಗಿರಾಕಿ ಬರ್ತಾರೆ."

"ಚಳಿ ಕಣೋ ಮಗ. ಕೆಮ್ಮು ಬೇರೆ."

"ಕಂಬಳಿ ಹೊದ್ಕೊ. ನೀನು ಎದ್ದೋದ್ರೆ ಎಲ್ಲ ಹಾಳಾಗುತ್ತೆ."

ಅವಳು ಕೂತಳು. ನಂದೀಶ ಕೊನೆಯ ಬಸ್ಸಿಗೆ ಬಂದಾಗಲೂ ಕಣದಲ್ಲಿ ಅವಳ ಮುಖವೊಂದೇ ಬೆಳಕಾಗಿ ಕಾಣುತ್ತಿತ್ತು. ಕಂಬಳಿ ಇಬ್ಬನಿಗೆ ನೆಂದು ತೊಟ್ಟಿಕ್ಕುತ್ತಿತ್ತು. ಕೊಂಬಿಗೆ ಗಿರಾಕಿ ಬಂದಿರಲಿಲ್ಲ.

*

ಮಣ್ಣು ಮುಗಿಸಿ, ಸ್ನಾನ ಮಾಡಿ, ಬಂದವರೆಲ್ಲ ಹೋದ ಮೇಲೆ ಸೋಮಯ್ಯ ಕಣದ ಕಡೆ ನಡೆದರು. ಕಾಫಿ ಹರಡುವವರಿಲ್ಲದೆ ರಾಶಿಯಲ್ಲೇ ಬೆವೆತು ನಾರುತ್ತಿತ್ತು. ಅವರು ಚಪ್ಪಡಿಕಲ್ಲಿನ ಮೇಲೆ ಕೂತರು. ನಂದೀಶ ಹಿಂದೆಯೇ ಬಂದು ನಿಂತ.

"ಅಪ್ಪಾಜಿ, ನೀವಲ್ಲ. ಕಣ ಕಾಯೋಕೆ ಕೂತಿದ್ದಲ್ಲ ಅತ್ತೆ. ಟಾರ್ಪಲ್ ಹೊದಿಸಿ ಆಗಿತ್ತು. ನಾನು ಕೂರಿಸಿದ್ದು."

"ನೀನು ಅಂಗಡಿಲಿದ್ಯಲ್ಲ?"

ನಂದೀಶ ಹೇಳಿದ. ಕೊಂಬು, ಸಂತೆ, ಹಸಿರು ಗುಂಡಿ, ಗಡ್ಡ, ಹೆಸರಿನ ಸುಳ್ಳು, ಏನನ್ನೂ ಬಿಡಲಿಲ್ಲ. ಎರಡು ಬಿಗಿದಿದ್ದರೆ ಚೆನ್ನಾಗಿತ್ತು. ಸೋಮಯ್ಯ ಬಿಗಿಯಲಿಲ್ಲ, ಬೈಯಲೂ ಇಲ್ಲ. "ತೋರ್ಸು" ಎಂದರು.

ನಂದೀಶ ಅತ್ತೆಯ ಫೋನಿನಲ್ಲಿ ಆಟ ತೆರೆದ. ಉಗ್ರಾಣದ ಬಾಗಿಲಲ್ಲಿ ಅವಳಿರಲಿಲ್ಲ. ಚೀಲ ಒತ್ತಿದ, ಖಾಲಿ. ನನ್ನ ಕೊಂಬು ಹೋಯಿತಲ್ಲ ಎಂದು ಅವನಿಗೆ ಮೊದಲು ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ಅಲ್ಲೇ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಉಗ್ರಾಣ ತೆರೆದು ನೋಡಿದ. ಬೆಳ್ಳಿಕೊಂಬು, ಕತ್ತಿ, ಕವಚ, ಎಲ್ಲ ಅಲ್ಲಿದ್ದವು. ದೊಡ್ಡದು ಮೇಲೆ, ಚಿಕ್ಕದು ಕೆಳಗೆ. ಆಸ್ಪತ್ರೆಯ ಮಂಚದಲ್ಲಿ ಕೂತು ಒಂದೊಂದಾಗಿ ಒಳಗಿಟ್ಟಿದ್ದಳು.

ಗಡ್ಡದ ಗಂಡಸು ಊರ ಬಾಗಿಲು ದಾಟಿದ್ದ. ದೂರವೇನಲ್ಲ, ಸೇತುವೆಯ ಈಚೆ ಒಂದು ಮರದ ಬುಡದಲ್ಲಿ ಕಾಲು ಮಡಿಸಿ ಕೂತಿದ್ದ. ಎದುರಿಗೆ ಹೊಳೆ.

"ಇದಾ ಅಕ್ಕ?" ಸೋಮಯ್ಯ ಫೋನನ್ನು ತೆಗೆದುಕೊಂಡು ಎಡ ಅಂಗೈ ಮೇಲಿಟ್ಟುಕೊಂಡರು. "ಎಲ್ ಕೂತವ್ಳೆ?"

"ಆಚೆ ಅಪ್ಪಾಜಿ. ಬಾಗಿಲಾಚೆ."

ಫೋನು ಮಿಣುಕಿತು.

"ಏನೋ ಕೇಳ್ತೈತೆ."

"ಇದ್ದೀರಾ ಅಂತ."

ಸೋಮಯ್ಯ ಹೆಬ್ಬೆರಳಿನಿಂದ ಹಸಿರು ಗುಂಡಿ ಒತ್ತಿದರು.

ಕತ್ತಲಾಗುತ್ತಿತ್ತು. ಟಾರ್ಪಲ್ ಮೇಲೆ ಇಬ್ಬನಿ ಕೂರತೊಡಗಿತ್ತು. "ಒಳಗೆ ಬನ್ನಿ ಅಪ್ಪಾಜಿ, ಚಳಿ" ಎಂದ ನಂದೀಶ.

"ಮತ್ತೆ ಕೇಳ್ತದಾ?"

"ಕೇಳುತ್ತೆ."

"ಹಂಗಾದ್ರೆ ನೀ ಹೋಗು" ಎಂದು ಸೋಮಯ್ಯ ಕಲ್ಲಿನ ಮೇಲೆ ಸರಿಯಾಗಿ ಕಾಲು ಮಡಿಸಿ ಕೂತರು.