ಮೂರನೇ ಬೇಸಿನಲ್ಲಿ ನಿಂತವನು

"ಉಗುರು ತೋರಿಸು" ಎಂದ ಬೇಸ್‌ಬಾಲ್ ತಂಡದ ಸಹಾಯಕ ಕೋಚ್, ಮುದುಕ ವರ್ನನ್ ಮೇಬ್ರಿ. ಎಮೆಟ್ ಬಲಗೈ ಚಾಚಿದ. ತೋರುಬೆರಳು ಮತ್ತು ನಡುಬೆರಳಿನ ಉಗುರುಗಳನ್ನು ಅರದಿಂದ ಉಜ್ಜಿ ನೇರ ಮಾಡಿದ್ದ. ಗಟ್ಟಿಯಾಗಲೆಂದು ಮೇಲೆ ಅಕ್ಕನ ನೇಲ್ ಪಾಲಿಶ್ ಬಳಿದಿದ್ದ.

ಎಸೆದ ಚೆಂಡು ಹಿಡಿಯುವ ಕ್ಯಾಚರ್ ಟೈರೆಲ್ ಸುಮ್ಮನಿರಲಿಲ್ಲ. "ಲಿಪ್‌ಸ್ಟಿಕ್ ಯಾವಾಗ್ಲೋ ಹಚ್ಕೊಳ್ಳೋದು?"

"ನಿನ್ ಮದುವೆ ದಿನ ಕಣೋ. ಈಗ ಹೋಗಿ ಕೂತ್ಕೋ" ಎಂದ ಎಮೆಟ್.

ಪೆಲ್ ಕ್ರೀಕ್ ಹೈಸ್ಕೂಲಿನ ಮೈದಾನದಲ್ಲಿ ಒಕ್ಲಹೋಮಾದ ಕೆಂಪು ಧೂಳು ಏಳುತ್ತಿತ್ತು. ಟೈರೆಲ್ ಗೊಣಗುತ್ತಲೇ ದೂರ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಅವನ ಕೈಯಲ್ಲಿದ್ದದ್ದು ಸಾಫ್ಟ್‌ಬಾಲ್ ಆಡುವ ಹುಡುಗಿಯರಿಂದ ಎರವಲು ತಂದ ಮೊರದಗಲದ ಗ್ಲವ್. ವರ್ನನ್ ಕಲಿಸುತ್ತಿದ್ದ ನಕಲ್‌ಬಾಲ್ ಎಂಬ ಎಸೆತವನ್ನು ಹಿಡಿಯಲು ಮಾಮೂಲಿ ಗ್ಲವ್ ಸಾಲದು. ಬೇರೆ ಎಸೆತಗಳೆಲ್ಲ ಗಿರಗಿರ ತಿರುಗುತ್ತಾ ಹೋಗುತ್ತವೆ, ಉಗುರಂಚಿನಲ್ಲಿ ಹಿಡಿದು ಕಳಿಸುವ ಇದು ತಿರುಗಲೇಬಾರದು. ತಿರುಗದೆ ಹೋದ ಚೆಂಡು ಎಲ್ಲಿ ಓಲಾಡುತ್ತದೋ, ಎಲ್ಲಿ ಕುಸಿಯುತ್ತದೋ ಬ್ಯಾಟ್ ಹಿಡಿದವನಿಗೂ ಗೊತ್ತಿಲ್ಲ, ಹಿಡಿಯುವವನಿಗೂ ಗೊತ್ತಿಲ್ಲ. ಸತ್ಯ ಹೇಳಬೇಕೆಂದರೆ ಎಸೆದವನಿಗೂ ಗೊತ್ತಿಲ್ಲ.

ಇದನ್ನು ಕಲಿಯಲು ಬಂದ ಉಳಿದ ಪಿಚರ್‌ಗಳು, ಅಂದರೆ ಎಸೆತಗಾರರು, ವಾರದೊಳಗೆ ಕೈ ತೊಳೆದುಕೊಂಡಿದ್ದರು. ಅವರಿಗೆ ಬೇಕಾದದ್ದು ವೇಗ. ವೇಗ ಅಳೆಯುವ ಯಂತ್ರದ ಮುಂದೆ ಜನ ಹುಬ್ಬೇರಿಸಬೇಕು, ಕಾಲೇಜಿನವರು ಬಂದು ಹೆಸರು ಬರೆದುಕೊಳ್ಳಬೇಕು. ಮುದುಕನ ಲಟಾರಿ ಎಸೆತ ಯಾರಿಗೆ ಬೇಕು? ಎಮೆಟ್ ಸ್ಟ್ರೌಡ್ ಮಾತ್ರ ಉಳಿದ. ಹೋದ ವರ್ಷ ಅವನ ಮೊಣಕೈ ಕೊಯ್ದು ಹೊಲಿದಿದ್ದರು, ವೇಗ ಅಲ್ಲಿಗೇ ಮುಗಿದಿತ್ತು. ಡಂಟನ್ ಶಾಲೆಯ ವಿರುದ್ಧದ ಪಂದ್ಯದಲ್ಲಿ ಒಂದು ಇನ್ನಿಂಗ್ಸ್ ಕೊಡುತ್ತೇನೆ, ಆಗದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದು ಮುಖ್ಯ ಕೋಚ್ ರಸ್ ಕೆಲ್ಸೊ ಖಡಾಖಂಡಿತವಾಗಿ ಹೇಳಿದ್ದ.

"ಎಸೀಬೇಡ, ತಳ್ಳು" ಎಂದು ವರ್ನನ್ ದಿನವೂ ಅರಚುತ್ತಿದ್ದ. "ಮಣಿಕಟ್ಟು ಮರದ ಹಾಗಿರ್ಲಿ. ಬಾಗಿಲು ತಳ್ತೀಯಲ್ಲ, ಹಾಗೆ."

"ತಳ್ತಾನೇ ಇದೀನಲ್ಲ ಕೋಚ್!"

"ಚೆಂಡು ಬೇರೆ ಏನೋ ಹೇಳ್ತಾ ಇದೆ. ಇನ್ನೊಂದ್ಸಲ."

ಹುಡುಗ ಹಟಮಾರಿ. ತೋಳು ಬಿದ್ದುಹೋಗುವಂತಾದರೂ ಸಾಕು ಎನ್ನುತ್ತಿರಲಿಲ್ಲ. ವರ್ನನ್‌ಗೆ ಅವನ ಮೇಲೆ ಜೀವವಿದ್ದದ್ದೇ ಅದಕ್ಕೆ.

ಪಂದ್ಯಕ್ಕೆ ಇನ್ನೇನು ಹತ್ತು ದಿನವಿದೆ ಎನ್ನುವಾಗ ಬೇಲಿಯಾಚೆ ಒಬ್ಬ ಹುಡುಗ ಬಂದು ನಿಂತ. ಮೈಮೇಲೆ ಡಂಟನ್ ಶಾಲೆಯ ಹಳದಿ ಅಂಗಿ.

"ಸರ್, ನಾನು ಕ್ಲೇ ಹಾರ್ಪ್. ವಿಡಿಯೊ ನೋಡ್ಕೊಂಡು ನಕಲ್‌ಬಾಲ್ ಕಲೀತಾ ಇದೀನಿ. ಬರ್ತಾನೇ ಇಲ್ಲ. ನೀವು ತೋರಿಸ್ತೀರಾ?"

ಟೈರೆಲ್ ಹೋ ಎಂದು ನಕ್ಕ. ವರ್ನನ್ ನಗಲಿಲ್ಲ. "ಬಾ ಒಳಗೆ" ಎಂದ.

ಈ ಎಸೆತ ಬಲ್ಲವರು ಬೆರಳೆಣಿಕೆಯಷ್ಟು ಜನ, ಅವರಲ್ಲೊಂದು ರಿವಾಜಿದೆ. ಕೇಳಿಕೊಂಡು ಬಂದವನಿಗೆ ಇಲ್ಲವೆನ್ನಬಾರದು, ಅವನು ಯಾವ ತಂಡದವನೇ ಆಗಿರಲಿ. ವರ್ನನ್‌ಗೂ ಹೀಗೆಯೇ ದಕ್ಕಿದ್ದು. ಎದುರು ತಂಡದ ವಯಸ್ಸಾದ ಪಿಚರ್ ಒಬ್ಬ ತನ್ನ ಊಟ ಬಿಟ್ಟು ಬಂದು ಬೆರಳು ಹಿಡಿದು ಕಲಿಸಿದ್ದ. ವರ್ನನ್ ಕ್ಲೇಗೆ ಉಗುರಿನಿಂದ ಹಿಡಿದು ಹೆಬ್ಬೆರಳಿನವರೆಗೆ ಎಲ್ಲವನ್ನೂ ತೋರಿಸಿಕೊಟ್ಟ.

ಅವನು ಹೋದ ಮೇಲೆ ಎಮೆಟ್ ಚೆಂಡನ್ನು ನೆಲಕ್ಕೆ ಅಪ್ಪಳಿಸಿದ. "ನಂಗಿದ್ದಿದ್ದು ಇದೊಂದೇ ಕೋಚ್! ಅದನ್ನೂ ಎತ್ತಿ ಅವನ ಕೈಗೆ ಕೊಟ್ಬಿಟ್ರಿ."

"ಕೊಟ್ರೆ ಕಮ್ಮಿ ಆಗೋದಲ್ಲಪ್ಪ ಇದು."

"ನಿಮಗೇನು, ನಿಮ್ಮ ಆಟ ಮುಗಿದಿದೆ. ಹೋಗೋದು ನನ್ನ ಜಾಗ."

ಆ ಮಾತು ವರ್ನನ್‌ಗೆ ಚುರುಕ್ಕೆಂದಿತು. ಆದರೂ ತಾನು ಮಾಡಿದ್ದು ತಪ್ಪೆಂದು ಅವನಿಗೆ ಅನ್ನಿಸಲಿಲ್ಲ. ಸುದ್ದಿ ಕೆಲ್ಸೊನ ಕಿವಿಗೆ ಬಿತ್ತು. ಅವನು ಕಿಡಿಕಿಡಿಯಾದ. "ಶತ್ರುಗಳಿಗೆ ಪಾಠ ಹೇಳೋರು ನಮ್ಮ ಬೆಂಚಲ್ಲಿ ಕೂರೋದು ಬೇಡ. ಪಂದ್ಯದ ದಿನ ಜನರ ಮಧ್ಯೆ ಕೂತ್ಕೊಳ್ಳಿ. ಬಾಯಿ ಬಿಡಬೇಡಿ" ಎಂದ.

ಪಂದ್ಯದ ದಿನ ವರ್ನನ್ ಮೂರನೇ ಬೇಸಿನ ಎದುರು ಬದಿಗೆ, ಮೊದಲ ಬೇಸಿನ ಕಡೆಯ ಹಲಗೆಯ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತ. ಡಂಟನ್ ಪರವಾಗಿ ಎಸೆಯಲು ಬಂದವನು ಕ್ಲೇ. ಅವನ ನಕಲ್‌ಬಾಲ್ ಕೆಲವು ಚೆನ್ನಾಗಿಯೇ ಕುಣಿದವು, ಕೆಲವು ಪೆಟ್ಟು ತಿಂದವು. ಕೊನೆಯ ಇನ್ನಿಂಗ್ಸ್‌ಗೆ ಎಮೆಟ್ ಬಂದಾಗ ಪೆಲ್ ಕ್ರೀಕ್ ಒಂದೇ ಒಂದು ರನ್ ಮುಂದಿತ್ತು. ಡಂಟನ್‌ನ ಮೂವರು ಔಟಾದರೆ ಗೆಲುವು.

ಮೊದಲಿಬ್ಬರು ಹೇಗೋ ಔಟಾದರು. ಅಷ್ಟು ಹೊತ್ತಿಗೆ ಎಮೆಟ್‌ನ ಚೆಂಡು ತಿರುಗಲು ಶುರುವಾಗಿತ್ತು. ನಿಧಾನಕ್ಕೆ ಬಂದು, ತಿರುಗಲೂ ತಿರುಗುವ ಚೆಂಡೆಂದರೆ ಬ್ಯಾಟ್ಸ್‌ಮನ್‌ಗೆ ಹಬ್ಬ. ಮುಂದೆ ಬಂದ ಕ್ಲೇ ಅದನ್ನು ಬೇಲಿಯವರೆಗೆ ಬಾರಿಸಿ ಓಡಿ ಓಡಿ ಮೂರನೇ ಬೇಸ್ ಮುಟ್ಟಿದ. ಅಲ್ಲಿಂದ ಅವನು ಬ್ಯಾಟ್ ಬೀಸಿದ ಜಾಗಕ್ಕೆ ಓಡಿ ಮರಳಿದರೆ ಒಂದು ರನ್, ಆಟ ಸಮ.

ಕೆಲ್ಸೊ ದಡದಡ ಎಮೆಟ್‌ನ ಬಳಿಗೆ ಹೋದ. ಏನು ಹೇಳಿದನೆಂದು ಕೇಳಿಸಲಿಲ್ಲ, ಆದರೆ ಎತ್ತಿದ ಬೆರಳು ಒಂದೇ. ಇನ್ನೊಬ್ಬ ಬ್ಯಾಟ್ಸ್‌ಮನ್, ಅಷ್ಟೇ.

ಮುಂದಿನ ಎಸೆತಗಳೂ ತಿರುಗಿದವು. ಎರಡು ಸಲ ಬ್ಯಾಟ್ಸ್‌ಮನ್ ಜೋರಾಗಿ ಬೀಸಿದ, ಚೆಂಡು ಗೆರೆಯಾಚೆ ಬಿದ್ದು ಬಚಾವಾಯಿತು. ಎರಡು ಸ್ಟ್ರೈಕ್, ಮೂರಾದರೆ ಔಟ್. ಆದರೆ ತಿರುಗುತ್ತಾ ಬರುವ ಇನ್ನೊಂದು ಚೆಂಡನ್ನು ಅವನು ಬಿಡುವವನಲ್ಲ. ವರ್ನನ್ ಕೂತಲ್ಲೇ ಮುಂದಕ್ಕೆ ಬಾಗಿದ. ತಪ್ಪು ಎಲ್ಲಿದೆ? ಬಲಗೈ ಪಿಚರ್ ನಿಲ್ಲುವುದೇ ಮೂರನೇ ಬೇಸಿಗೆ ಮುಖಮಾಡಿ. ಇಲ್ಲಿಂದ ಅವನ ಬೆನ್ನು ಕಾಣುತ್ತದೆಯೇ ಹೊರತು ಬೆರಳು ಕಾಣುವುದಿಲ್ಲ.

ಬೆರಳು ಕಾಣುತ್ತಿದ್ದದ್ದು ಒಬ್ಬನಿಗೇ.

ಕ್ಲೇ ಓಡಲು ಸಿದ್ಧನಾಗಿ ಬಾಗಿ ನಿಂತಿದ್ದ. ವರ್ನನ್ ನೋಡುತ್ತಿದ್ದಂತೆ ಅವನು ಬಲಗೈಯನ್ನು ಮಂಡಿಯ ಮೇಲಿಂದ ಎತ್ತಿದ. ಚೆಂಡು ಹಿಡಿದವನಂತೆ ಬೆರಳು ಮಡಚಿ, ಎಡಗೈಯಿಂದ ಹೆಬ್ಬೆರಳನ್ನು ತಟ್ಟಿ ಕೆಳಕ್ಕೆ ಸರಿಸಿದ. ಮತ್ತೆ ತಟ್ಟಿದ.

ಹೆಬ್ಬೆರಳು! ಸುಸ್ತಾದಾಗ ಅದು ಮೇಲೇರುತ್ತದೆ, ಚೆಂಡನ್ನು ಕೊನೆಗೆ ಉಜ್ಜಿ ಕಳಿಸುತ್ತದೆ. ವರ್ನನ್ ಎದ್ದೇ ನಿಂತ.

"ಅವನ್ ಕಡೆ ನೋಡ್ಬೇಡ ಕಣೋ, ಆಟ ಆಡಿಸ್ತಾ ಇದಾನೆ!" ಟೈರೆಲ್ ಕೂಗಿದ.

ಎಮೆಟ್ ನೋಡುತ್ತಲೇ ಇದ್ದ. ಗೆಲ್ಲಬೇಕಾದವನು ತನ್ನ ಓಟವನ್ನೇ ಕೊಲ್ಲುವ ಸನ್ನೆ ಯಾಕೆ ಮಾಡುತ್ತಾನೆ? ವರ್ನನ್ ಕೂಗಬಹುದಿತ್ತು. ಹಲ್ಲು ಕಚ್ಚಿಕೊಂಡು ನಿಂತ. ನಂಬುವುದೋ ಬಿಡುವುದೋ, ಅದನ್ನು ಹುಡುಗನೇ ತೀರ್ಮಾನಿಸಬೇಕಿತ್ತು. ಎಮೆಟ್ ಗ್ಲವ್‌ನೊಳಗೆ ಏನೋ ಸರಿಪಡಿಸಿಕೊಂಡ. ತಳ್ಳಿದ.

ಕೆಂಪು ಹೊಲಿಗೆ ಒಂದೊಂದೂ ಕಾಣುವಂತೆ ಚೆಂಡು ತಿರುಗದೆ ಹೋಯಿತು. ಎಡಕ್ಕೆ ಓಲಿತು, ತಡವರಿಸಿತು, ಕುಸಿಯಿತು. ಬ್ಯಾಟ್ ಬರೀ ಗಾಳಿ ಹೊಡೆಯಿತು. ಟೈರೆಲ್ ಚೆಂಡನ್ನು ಗ್ಲವ್, ಎದೆ, ಗಲ್ಲ ಎಲ್ಲ ಸೇರಿಸಿ ತಬ್ಬಿಕೊಂಡ.

ಗೆಲುವಿನ ಗದ್ದಲ ಇಳಿದ ಮೇಲೆ ಎಮೆಟ್ ಡಂಟನ್‌ನವರ ಬಸ್ಸಿನ ಹತ್ತಿರ ನಡೆದ. ವರ್ನನ್ ಸ್ವಲ್ಪ ಹಿಂದೆ ನಿಂತ.

"ಯಾಕೋ ತೋರಿಸ್ದೆ?" ಎಮೆಟ್ ಕೇಳಿದ. "ನಾನಾಗಿದ್ರೆ ತೋರಿಸ್ತಿರ್ಲಿಲ್ಲ."

"ಗೊತ್ತು. ಆದ್ರೆ ಅಷ್ಟು ಒಳ್ಳೇ ಚೆಂಡನ್ನ ಕೊಲ್ತಾ ಇದ್ದೆ ಮಾರಾಯ, ನೋಡೋಕಾಗ್ಲಿಲ್ಲ" ಎಂದ ಕ್ಲೇ. "ನಮ್ ಕೋಚ್ ಈಗ ನನ್ನ ಸಿಗಿದು ಹಾಕ್ತಾರೆ."

ಎಮೆಟ್ ನೆಲ ನೋಡಿದ. ಮುಖ ಕೆಂಪಾಗಿತ್ತು. "ನಾಲ್ಕನೇ ಇನ್ನಿಂಗ್ಸಲ್ಲಿ ನಿನ್ನ ಮಣಿಕಟ್ಟು ಬಾಗ್ತಾ ಇತ್ತು. ನಾನು ನೋಡಿದ್ದೆ. ನೋಡಿ ಖುಷಿಪಟ್ಟೆ."

"ಹೌದಾ? ಅದಕ್ಕೇ ಹೊಡೆಸ್ಕೊಂಡ್ನಾ?"

"ಹೂಂ. ಕೈ ಕೊಡು ಇಲ್ಲಿ." ಎಮೆಟ್ ಅವನ ಮಣಿಕಟ್ಟು ಹಿಡಿದು ನೆಟ್ಟಗೆ ಮಾಡಿದ. "ಎಸೀಬೇಡ. ತಳ್ಳು."

ಒಂದು ಹೆಜ್ಜೆ ಮುಂದಿಟ್ಟಿದ್ದ ವರ್ನನ್ ಅಲ್ಲೇ ನಿಂತ. ಇಬ್ಬರೂ ಅವನತ್ತ ತಿರುಗಿ ನೋಡಲಿಲ್ಲ, ಅವನನ್ನು ಏನೂ ಕೇಳಬೇಕಾಗಿಯೂ ಇರಲಿಲ್ಲ.