ಪಿಸಕ್ಕನ ಸ್ಟೂಲು

ವೇದಿಕೆಯ ಎಡಮಗ್ಗುಲಲ್ಲಿ, ಕರಿ ಪರದೆಯ ಹಿಂದೆ, ಒಂದು ಮರದ ಸ್ಟೂಲು. ಅದರ ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿದ ಹಳೆಯ ಟಿಕೆಟ್ಟು ಇಟ್ಟಿದ್ದಾರೆ. ಮೂವತ್ತೊಂದು ವರ್ಷದಿಂದ ಆ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಮಾತು ಎತ್ತಿಕೊಟ್ಟವಳು ಪಿಸಕ್ಕ. ಅವಳ ದನಿ ನಟನ ಕಿವಿಗೆ ಹೋಗುತ್ತಿತ್ತು, ಮೊದಲ ಸಾಲಿನವರ ಕಿವಿಗೆ ಹೋಗುತ್ತಿರಲಿಲ್ಲ. ಇದೇನು ಸುಲಭದ ಕೆಲಸ ಅಂದುಕೊಂಡಿರಾ? ನೆಂಟರು ತುಂಬಿದ ಮನೆಯಲ್ಲಿ ಗಂಡನ ಜೊತೆ ಜಗಳ ಆಡಿ ನೋಡಿ, ಗೊತ್ತಾಗುತ್ತದೆ.

ತಂಡದ ಮುಖ್ಯ ನಟ ಅವಳ ಒಡಹುಟ್ಟಿದ ತಮ್ಮ. ವಯಸ್ಸು ಅರವತ್ತಮೂರು, ಮೀಸೆಗೆ ಮಾತ್ರ ಇನ್ನೂ ನಲವತ್ತು. ಈ ತಮ್ಮನಿಗೆ ಎರಡು ವರ್ಷದಿಂದ ಮಾತು ಮರೆಯತೊಡಗಿತ್ತು. ಮೊದಮೊದಲು ಆಟಕ್ಕೆ ಒಂದು ಸಲ, ಆಮೇಲೆ ಅಂಕಕ್ಕೆ ಎರಡು ಸಲ. ಇದು ಅಕ್ಕ ತಮ್ಮ ಇಬ್ಬರಿಗೇ ಗೊತ್ತಿದ್ದ ಗುಟ್ಟು ಎಂದು ಪಿಸಕ್ಕ ನಂಬಿದ್ದಳು. ಅವನು ಬೇಕೆಂದೇ ಮಾತು ನಿಲ್ಲಿಸಿದರೆ ಕೈ ಸುಮ್ಮನಿರುತ್ತದೆ. ಮರೆತು ನಿಂತರೆ ಎಡಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜಲು ಶುರುಮಾಡುತ್ತದೆ, ಶಾಲೆಯಲ್ಲಿ ಪದ್ಯ ಮರೆತಾಗ ಉಜ್ಜುತ್ತಿದ್ದ ಹಾಗೇ. ಆ ಹೆಬ್ಬೆರಳು ಕಾಣುವುದು ಸ್ಟೂಲಿನ ಜಾಗದಿಂದ ಮಾತ್ರ. ಹಾಗಾಗಿ ಆ ಸ್ಟೂಲು ಹೋದರೆ ತಮ್ಮನ ಮಾನವೂ ಹೋಯಿತೆಂದೇ ಅವಳ ಲೆಕ್ಕ.

ಅಂಥದ್ದರಲ್ಲಿ ಬಂದಳು ನೋಡಿ, ಸಲಹೆ ಮೇಡಮ್ಮು.

ಅರ್ಧ ಕುರ್ಚಿ ಖಾಲಿಯಾಗುವಷ್ಟು ಜನ ಕಡಿಮೆಯಾಗಿದ್ದರು. ಮನೆಯಲ್ಲೇ ಸೋಫಾದ ಮೇಲೆ ಕಾಲು ಚಾಚಿ ಅಂಗೈಯಲ್ಲೇ ನಾಟಕ ನೋಡುವ ಕಾಲ, ಇಲ್ಲಿಗೆ ಯಾರು ಬಂದಾರು? ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತು ಕೂತು ಸಾಕಾಗಿ, ಕಷ್ಟದಲ್ಲಿರುವ ಕಲಾತಂಡಗಳಿಗೆ ದಾರಿ ತೋರಿಸುವ ಸಂಸ್ಥೆಯೊಂದಕ್ಕೆ ಬರೆದಿದ್ದರು. ಅಲ್ಲಿಂದ ಬಂದವಳು ಈ ಮೇಡಮ್ಮು. ಮೂವತ್ತೈದರ ಹೆಂಗಸು, ಕೈಯಲ್ಲೊಂದು ನೋಟ್‌ಬುಕ್ಕು, ಕಾಲಲ್ಲಿ ಸದ್ದೇ ಮಾಡದ ಚಪ್ಪಲಿ. ಬೆಳಕಿನವನ ಪಕ್ಕ ನಿಂತಳು, ಬಟ್ಟೆ ಕೋಣೆಯಲ್ಲಿ ಕೂತಳು, ಟಿಕೆಟ್ ಕಿಟಕಿಯಲ್ಲಿ ಎರಡು ದಿನ ಟಿಕೆಟ್ಟೇ ಹರಿದಳು. ಎಲ್ಲರಿಗೂ ಒಂದೇ ಪ್ರಶ್ನೆ: "ನೀವು ನಿಜವಾಗಿ ಏನು ಮಾಡ್ತೀರಿ, ಸ್ವಲ್ಪ ಹೇಳ್ತೀರಾ?"

ಅವಳು ಬಂದ ವಾರವೇ ಒಂದು ಸಣ್ಣ ಡಬ್ಬವೂ ಬಂತು. ಒಳಗೆ ಕಡಲೆಕಾಳಿನಷ್ಟು ಗಾತ್ರದ ಕಿವಿಯಂತ್ರಗಳು. ಕಿವಿಯಲ್ಲಿ ಸಿಕ್ಕಿಸಿಕೊಂಡರೆ ಆಯಿತು, ಆಫೀಸಿನಲ್ಲಿ ಕೂತವರು ಮೈಕಿನಲ್ಲಿ ಓದಿದ್ದು ನಟನಿಗೆ ಕೇಳುತ್ತದೆ. ಡಬ್ಬ ನೋಡಿದ್ದೇ ಪಿಸಕ್ಕ ತನ್ನ ನಾಟಕದ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡಳು.

"ನನ್ನ ಕಥೆ ಮುಗೀತು ಕಣೋ," ಎಂದಳು ತಮ್ಮನಿಗೆ, ಮನೆಯಲ್ಲಿ ಚಹಾ ಸೋಸುತ್ತಾ.

"ಸುಮ್ನಿರಕ್ಕ. ಅದನ್ನ ಕಿವಿಗೆ ಇಟ್ಕೊಂಡ್ರೆ ಇರುವೆ ಹೊಕ್ಕ ಹಾಗಾಗುತ್ತೆ. ನಾನಂತೂ ಇಟ್ಕೊಳ್ಳಲ್ಲ."

"ಇಟ್ಕೊಳ್ದೆ ಇದ್ರೆ ನಿನ್ನ ಗತಿ ಏನು?"

ತಮ್ಮನ ಹೆಬ್ಬೆರಳು ಮೇಜಿನ ಅಂಚಿನಲ್ಲಿ ಓಡಾಡುತ್ತಿತ್ತು.

ಕೊನೆಗೊಂದು ದಿನ ಮೇಡಮ್ಮು ಸ್ಟೂಲಿನ ಬಳಿಗೂ ಬಂದಳು. ಪಿಸಕ್ಕ ಮುಖ ಗಂಟು ಹಾಕಿಕೊಂಡು ಪುಸ್ತಕದೊಳಗೆ ಮೂಗು ತೂರಿಸಿದಳು. ವೇದಿಕೆಯ ಮೇಲೆ, ತಮ್ಮ ಮಾವನ ಪಾತ್ರ ಮಾಡುವ ನಾಟಕದ ತಾಲೀಮು ನಡೆದಿತ್ತು. ಮೇಡಮ್ಮು ಮೆಲ್ಲಗೆ ಕೈ ಚಾಚಿ ಆ ಪುಸ್ತಕವನ್ನು ಮುಚ್ಚಿದಳು! ಇದೆಂಥ ಸೊಕ್ಕು ಅಂತೀನಿ.

"ನೋಡ್ದೇ ಹೇಳಿ ಅಕ್ಕ, ಈಗ ಅಲ್ಲಿ ಏನಾಗುತ್ತೆ?"

ಪಿಸಕ್ಕನಿಗೆ ರೇಗಿತು. ಪರದೆಯ ಕಡೆಗೆ ಬೆನ್ನು ತಿರುಗಿಸಿಯೇ ಕೂತು ಪಟಪಟನೆ ಹೇಳಿದಳು. "ಈಗ ಮಗಳು ಬಾಗಿಲಿಗೆ ಬಂದು ನಿಲ್ತಾಳೆ. ಒಳಗೆ ಬರಲ್ಲ, ಚೌಕಟ್ಟು ಹಿಡ್ಕೊಂಡಿರ್ತಾಳೆ. ಅಳಿಯ ಮಾವನ ಪೆಟ್ಟಿಗೇನ ಕಾಲಿಂದ ಬಾಗಿಲ ಕಡೆ ಒಂಚೂರು ತಳ್ತಾನೆ. ಮಾವ ನೋಡಿದ್ರೂ ನೋಡ್ದೋನ ಹಾಗೆ ಕನ್ನಡಕ ಒರೆಸ್ತಾನೆ. ಆಮೇಲೆ ತನ್ನ ಕೋಲಿಂದ ಪೆಟ್ಟಿಗೇನ ವಾಪಸ್ ಎಳ್ಕೊತಾನೆ."

ಅವಳ ಬೆನ್ನ ಹಿಂದೆ ಎಲ್ಲವೂ ಹಾಗೆಯೇ ನಡೆಯಿತು. ಮೇಡಮ್ಮು ಒಂದಕ್ಷರ ಬರೆದುಕೊಳ್ಳಲಿಲ್ಲ, ಎದ್ದು ಹೊರಟೇ ಹೋದಳು. ಮುಗೀತು, ಕೆಲಸದವರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಲು ಹೋದಳು ಎಂದು ಪಿಸಕ್ಕ ಹಲ್ಲು ಕಡಿದಳು.

ಮರುದಿನ ಮ್ಯಾನೇಜರ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ದೂರಿನ ಪತ್ರಗಳ ಕಟ್ಟು. ಆ ಪತ್ರಗಳನ್ನು ಯಾರೂ ಓದುತ್ತಿರಲಿಲ್ಲ, ಮೇಡಮ್ಮು ಒಂದೂ ಬಿಡದೆ ಓದಿದ್ದಳಂತೆ.

"ಇಲ್ಲಿ ನೋಡಿ ಅಕ್ಕ. ಎರಡನೇ ಸಾಲಲ್ಲಿ ಇಬ್ಬರು ಹೆಂಗಸರು ಆಟ ಪೂರ್ತಿ ಗುಸುಗುಸು ಮಾತಾಡ್ತಾರೆ, ಅವರನ್ನ ಹೊರಗೆ ಹಾಕಿ ಅಂತ ಹನ್ನೊಂದು ಪತ್ರ. ಯಾರವರು ಅಂತ ಹುಡುಕ್ಕೊಂಡು ಹೋದೆ. ಒಬ್ಬರು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋರು, ಈಗ ನಿವೃತ್ತಿ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಇನ್ನೊಬ್ಬರು ಅವರ ತಂಗಿ. ವೇದಿಕೆ ಮೇಲೆ ಏನಾಗ್ತಿದೆ ಅಂತ ತಂಗಿ ಅಕ್ಕನಿಗೆ ಹೇಳ್ತಿದ್ರು. ಜನ ಬೈದು ಬೈದು ಈಗ ಬರೋದೇ ಬಿಟ್ಟಿದಾರೆ."

"ಅಯ್ಯೋ ಪಾಪ," ಎಂದಳು ಪಿಸಕ್ಕ.

"ಅವರಂಥೋರು ಎಷ್ಟು ಜನ ಮನೇಲೇ ಕೂತಿದಾರೋ. ವೇದಿಕೆ ಎದುರಿಗೆ, ಮೇಲೆ, ಗಾಜಿನ ಕೋಣೆ ಖಾಲಿ ಇದೆ. ಅಲ್ಲಿ ಕೂತು, ಮಾತಿನ ಮಧ್ಯೆ ಸಿಕ್ಕಿದ ಸಂದಿಯಲ್ಲಿ, ಆಗ್ತಿರೋದನ್ನ ಮೈಕಲ್ಲಿ ಅವರ ಕಿವಿಗೆ ಹೇಳೋರು ಬೇಕು. ಎಲ್ಲಿ ಸಂದಿ ಇದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಪಿಸಕ್ಕ ಪತ್ರಗಳ ಕಟ್ಟನ್ನು ಆಚೆ ತಳ್ಳಿದಳು.

"ಹಾಗಾದ್ರೆ ಸ್ಟೂಲು?"

"ಕಿವಿಯಂತ್ರ ಇದೆಯಲ್ಲ," ಎಂದರು ಮ್ಯಾನೇಜರು. "ಮಾತು ನಾನೇ ಓದ್ತೀನಿ."

ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ತಮ್ಮನ ಗುಟ್ಟು ಬೀದಿಗೆ ಬರುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪಿಸಕ್ಕ ಹೂಂ ಎಂದು ಬಂದುಬಿಟ್ಟಳು. ಆ ವಾರವೆಲ್ಲ ತಮ್ಮನ ಹಿಂದೆ ಬಿದ್ದು ಪುಸ್ತಕ ಒಪ್ಪಿಸಿಕೊಂಡಳು. ಹಲ್ಲುಜ್ಜುವಾಗಲೂ ಬಿಡಲಿಲ್ಲ. ಅವನೋ, ಒಮ್ಮೆ ತಪ್ಪಿಲ್ಲದೆ ಹೇಳಿದ್ದನ್ನು ಇನ್ನೊಮ್ಮೆ ಪೂರ್ತಿ ಬಿಟ್ಟೇಬಿಡುತ್ತಿದ್ದ.

"ಆ ಯಂತ್ರ ಕಿವೀಲಿ ಇರ್ಲಿ, ನನ್ನಾಣೆ," ಎಂದು ಕಡೆಗೆ ಕೈ ಹಿಡಿದುಕೊಂಡಳು.

ಭಾನುವಾರ ಮಧ್ಯಾಹ್ನದ ಆಟ. ಎರಡನೇ ಸಾಲಿನಲ್ಲಿ ಕಣ್ಣು ಕಾಣದ ಹನ್ನೆರಡು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ತುದಿಯಲ್ಲಿ ಆಪರೇಟರಮ್ಮ, ಬಾಚಿ ಬಿಗಿಯಾಗಿ ಕಟ್ಟಿದ ಬಿಳಿ ಕೂದಲು, ಬೆನ್ನು ಸ್ಕೇಲಿನ ಹಾಗೆ ನೆಟ್ಟಗೆ. ಪಿಸಕ್ಕ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಹೋದಳು. ಅಲ್ಲಿ ಗುಂಡಗೆ ತಿರುಗುವ ಮೆತ್ತನೆಯ ಕುರ್ಚಿ ಹಾಕಿದ್ದರು. ಅದರ ಮೇಲೆ ಕೂತರೆ ಎಲ್ಲಿಗೋ ಜಾರಿಹೋಗುತ್ತೇನೆ ಅನ್ನಿಸಿ ಅಂಚಿನಲ್ಲೇ ಕೂತಳು.

ಪರದೆ ಎದ್ದಿತು. ಪಿಸಕ್ಕ ಮೈಕಿನ ಮುಂದೆ ಬಾಯಿ ತೆರೆದವಳು ಹಾಗೇ ಉಳಿದಳು. ಮೂವತ್ತೊಂದು ವರ್ಷ ನಾಟಕದಲ್ಲೇ ಇದ್ದು, ಒಂದು ನಾಟಕವನ್ನೂ ಅವಳು ಎದುರಿನಿಂದ ನೋಡಿರಲಿಲ್ಲ! ತಮ್ಮನ ಎಡಗಿವಿ, ಎಡಗೆನ್ನೆ, ಅರ್ಧ ಮೀಸೆ, ಇಷ್ಟೇ ಅವಳು ಕಂಡಿದ್ದು. ಈಗ ಬೆಳಕಿನ ನಡುವೆ ಇಡೀ ಮನುಷ್ಯ ನಿಂತಿದ್ದ. ಮನೆಯಲ್ಲಿ ತಟ್ಟೆಯೆದುರು ಕೂತು ಉಪ್ಪು ಕಡಿಮೆ ಎನ್ನುವ ತಮ್ಮನೇ ಬೇರೆ, ಇವನೇ ಬೇರೆ.

"ಮಾವ ಬಂದ," ಎಂದಳು ಕೊನೆಗೆ. "ತುಂಬಾ ಚೆನ್ನಾಗಿ ಕಾಣ್ತಿದಾನೆ."

ಎರಡನೇ ಸಾಲು ಕಿಸಕ್ಕೆಂದಿತು. ಅಲ್ಲಿಂದ ಮುಂದೆ ನಾಲಿಗೆ ತಾನಾಗಿಯೇ ಓಡಿತು. ಪೆಟ್ಟಿಗೆ, ಕೋಲು, ಚೌಕಟ್ಟು ಹಿಡಿದ ಮಗಳು, ಎಲ್ಲವೂ ಮಾತಿನ ಸಂದಿಯಲ್ಲಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು.

ಆಟ ಇದ್ದದ್ದು ಮೂರು ದಿನಕ್ಕೆಂದು ಬಂದು ವರ್ಷಗಟ್ಟಲೆ ಉಳಿದ ಮಾವನ ಮೇಲೆ. ಎರಡನೇ ಅಂಕದಲ್ಲಿ ಅಳಿಯ ರೋಸಿಹೋಗಿ ಕೇಳಿಯೇಬಿಡುತ್ತಾನೆ: "ಮಾವಾ, ನೀವು ಹೊರಡೋದು ಯಾವಾಗ?" ಅದಕ್ಕೆ ಮಾವ ತುಸು ಹೊತ್ತು ಸುಮ್ಮನಿದ್ದು ಕೊಡುವ ಉತ್ತರಕ್ಕೇ ಇಡೀ ನಾಟಕ ಕಾದು ಕೂತಿರುತ್ತದೆ.

ಅಳಿಯ ಕೇಳಿದ. ಮಾವ ಸುಮ್ಮನಾದ. ಒಂದು. ಎರಡು. ಮೂರು.

ಪಿಸಕ್ಕ ಗಾಜಿಗೆ ಹಣೆ ಹಚ್ಚಿದಳು. ಅವನ ಎಡಗೈ ಬೆನ್ನ ಹಿಂದಿತ್ತು. ಬೇಕೆಂದೇ ನಿಂತಿದ್ದಾನೋ, ಮರೆತು ನಿಂತಿದ್ದಾನೋ? ಎದುರಿನಿಂದ ಏನೂ ತಿಳಿಯುತ್ತಿಲ್ಲ! ನಾಲ್ಕು. ಐದು. ಕಿವಿಯ ಕಡೆ ನೋಡಿದಳು. ಬರಿ ಕಿವಿ. ಆ ಪುಣ್ಯಾತ್ಮ ಅಕ್ಕನ ಆಣೆಯನ್ನೂ ಲೆಕ್ಕಿಸದೆ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಆಫೀಸಿನಲ್ಲಿ ಮ್ಯಾನೇಜರು ಅವನ ಜೇಬಿಗೆ ಮಾತು ಓದುತ್ತಿದ್ದರು.

ಯೋಚನೆಗಿಂತ ಮೊದಲು ಅವಳ ಬಾಯಿ ಓಡಿತು, ಮೂವತ್ತೊಂದು ವರ್ಷದ ರೂಢಿ ಬಿಟ್ಟೀತೆ?

"ಹೊರಡೋಕೆ ನಾನು ಬಂದಿದ್ದೀನಾ? ಇನ್ನೂ ಪೆಟ್ಟಿಗೇನೇ ಬಿಚ್ಚಿಲ್ಲವಲ್ಲಪ್ಪಾ!"

ಹೇಳಿದ್ದು ಮೈಕಿಗೆ. ಕೇಳಿದ್ದು ಹನ್ನೆರಡು ಜನಕ್ಕೆ, ಕೇಳಬೇಕಾದ ಒಬ್ಬನನ್ನು ಬಿಟ್ಟು. ಹನ್ನೊಂದು ಜನ ಗೊಳ್ಳೆಂದು ನಕ್ಕರು. ಉಳಿದವರೆಲ್ಲ ಇವರಿಗೇನಾಯಿತೆಂದು ಕತ್ತು ತಿರುಗಿಸಿದರು. ಪಿಸಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಪರೇಟರಮ್ಮ ನಗಲಿಲ್ಲ. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ವೇದಿಕೆಯ ಕಡೆ ಆಲಿಸಿದರು. ಅಲ್ಲಿ ಸದ್ದಿಲ್ಲ. ಕೂತಲ್ಲಿಂದಲೇ, ಕಂಚಿನಂಥ ದನಿಯಲ್ಲಿ ಹೇಳಿದರು: "ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ ಅನ್ನಿ ಯಜಮಾನ್ರೇ!"

ತಮ್ಮ ಬೆಚ್ಚಿಬಿದ್ದ. ದನಿ ಬಂದ ಕಡೆ ಕತ್ತಲಿಗೆ ಕಣ್ಣು ಕಿರಿದು ಮಾಡಿದ. ಆಮೇಲೆ ಆ ಮೀಸೆ ನಿಧಾನವಾಗಿ ಅಗಲವಾಯಿತು. ಅಳಿಯನ ಹೆಗಲ ಮೇಲೆ ಕೈ ಹಾಕಿ, ಎರಡನೇ ಸಾಲನ್ನು ಕೋಲಿನಿಂದ ತೋರಿಸಿದ.

"ನೋಡಪ್ಪಾ, ಊರೋರಿಗೆಲ್ಲ ಗೊತ್ತು ನನ್ನ ಪೆಟ್ಟಿಗೆ ಬಿಚ್ಚಿಲ್ಲ ಅಂತ, ನಿನಗೊಬ್ಬನಿಗೇ ಗೊತ್ತಿಲ್ಲ! ಇನ್ನೂ ಬಂದೇ ಇಲ್ಲದೋನನ್ನ ಯಾವಾಗ ಹೊರಡ್ತೀಯ ಅಂತೀಯಲ್ಲ, ನ್ಯಾಯಾನಾ ಇದು?"

ಇಡೀ ರಂಗಮಂದಿರ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮೇಲೆ ಗಾಜಿನ ಕೋಣೆಯಲ್ಲಿ ಪಿಸಕ್ಕನಿಗೆ ಹೋದ ಜೀವ ಬಂದಂತಾಯಿತು. ಕಣ್ಣೀರನ್ನು ಸೆರಗಿನಿಂದ ಒರೆಸಿಕೊಂಡು, "ಅಳಿಯ ಪೆಚ್ಚಾಗಿ ನಿಂತಿದಾನೆ," ಎಂದು ಕೆಲಸ ಮುಂದುವರಿಸಿದಳು.

ಆಟ ಮುಗಿದ ಮೇಲೆ ತಮ್ಮ ಬಣ್ಣವನ್ನೂ ತೆಗೆಯದೆ ಮ್ಯಾನೇಜರ ಕೋಣೆಗೆ ಬಂದ. ಪಿಸಕ್ಕ ತಡೆಯಲು ಹಿಂದೆಯೇ ಓಡಿಬಂದಳು. ಮೇಡಮ್ಮು ಅಲ್ಲೇ ಇದ್ದಳು.

"ನನಗೆ ಮರೀತಿದೆ," ಎಂದ. "ಎರಡು ವರ್ಷ ಆಯ್ತು. ಅಕ್ಕ ನನ್ನ ಎಳ್ಕೊಂಡು ಬಂದಿದಾಳೆ. ಬೇಕಾದ್ರೆ ನನ್ನ ತೆಗೀರಿ, ಅವಳನ್ನ ಆ ಸ್ಟೂಲಿಂದ ಎಬ್ಬಿಸ್ಬೇಡಿ."

ಮ್ಯಾನೇಜರು ಕನ್ನಡಕ ತೆಗೆದು ಅವನನ್ನು ನೋಡಿದರು. "ನಮಗೆ ಗೊತ್ತು ಕಣಯ್ಯ."

"ಯಾರಿಗೆ?"

"ಎಲ್ಲರಿಗೂ. ಬೆಳಕಿನವನಿಗೆ, ಬಟ್ಟೆಯವಳಿಗೆ, ಕೊನೆಗೆ ಚಹಾ ತರೋನಿಗೂ. ನೀವಿಬ್ಬರು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಲ್ಲ, ಯಾಕೆ ಬೇಜಾರು ಮಾಡೋದು ಅಂತ ಸುಮ್ನಿದ್ವಿ."

ಪಿಸಕ್ಕ ಅಲ್ಲೇ ಕುರ್ಚಿಗೆ ಕುಸಿದಳು. "ಎರಡು ವರ್ಷದಿಂದ ನಾನು ನಿದ್ದೆಗೆಟ್ಟಿದ್ದೆ ಕಣ್ರೀ! ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಬೈಯಲು ಶುರುಮಾಡಿದಳು. ಬೈಯುತ್ತಾ ಬೈಯುತ್ತಾ ಎದೆ ಹಗುರಾಗಿ ನಗು ಬಂತು. ತಮ್ಮನೂ ನಕ್ಕ. ಬಣ್ಣವೆಲ್ಲ ಕಲಸಿ ಮುಖ ಒಂದು ಅವಾಂತರವಾಯಿತು.

"ತಪ್ಪು ನಂದೂ ಇದೆ," ಎಂದಳು ಮೇಡಮ್ಮು. "ಯಂತ್ರ ತಂದೆ, ಅದರೊಳಗೆ ಯಾರ ದನಿ ಇರ್ಬೇಕು ಅಂತ ಕೇಳ್ಲೇ ಇಲ್ಲ. ಮೇಲಿನ ಕೋಣೆಗೆ ಎರಡು ಬಟನ್ ಹಾಕಿಸ್ತೀನಿ. ಒಂದು ಎರಡನೇ ಸಾಲಿಗೆ, ಇನ್ನೊಂದು ತಮ್ಮನಿಗೆ. ವೇದಿಕೆ ಪಕ್ಕದಲ್ಲಿ ಒಂದು ಕ್ಯಾಮೆರಾ ಇಡೋಣ, ಇವರ ಎಡಗೈ ಮೇಲಿನ ಕೋಣೇಲಿ ಕಾಣೋ ಹಾಗೆ."

ಹೆಬ್ಬೆರಳಿನ ವಿಷಯವೂ ಇವಳಿಗೆ ಗೊತ್ತಾ ಎಂದು ಪಿಸಕ್ಕ ಬಾಯಿ ಬಿಟ್ಟಳು.

"ಅಕ್ಕನ ದನಿ ಆದ್ರೆ ಇರುವೆ ಹೊಕ್ಕ ಹಾಗೆ ಆಗಲ್ಲ ಬಿಡಿ," ಎಂದ ತಮ್ಮ.

ಮುಂದಿನ ಭಾನುವಾರ ಎರಡನೇ ಸಾಲು ತುಂಬಿ ಮೂರನೆಯದಕ್ಕೂ ಹರಿದಿತ್ತು. ಹತ್ತೊಂಬತ್ತು ಜನ, ಅವರ ಜೊತೆಗೆ ಬಂದ ನೆಂಟರು ಬೇರೆ. ಆಪರೇಟರಮ್ಮನ ತಂಗಿ ಈಗ ಗುಸುಗುಸು ಅನ್ನಬೇಕಾಗಿರಲಿಲ್ಲ, ತಾನೇ ಬಾಯಿ ತೆರೆದು ನಾಟಕ ನೋಡುತ್ತಿದ್ದರು. ತಮ್ಮ ಬೆಳಗ್ಗೆಯೇ ಆ ಗಿಡ್ಡಕಾಲಿನ ಸ್ಟೂಲನ್ನು ಇಪ್ಪತ್ತೆರಡು ಮೆಟ್ಟಿಲು ಹೊತ್ತು ತಂದು ಗಾಜಿನ ಕೋಣೆಯಲ್ಲಿಟ್ಟಿದ್ದ, ಕೆಳಗಿಡುವ ಟಿಕೆಟ್ಟಿನ ಸಮೇತ.

ಪಿಸಕ್ಕ ಅದರ ಮೇಲೆ ಕೂತು ಬಟನ್‌ಗಳ ಮೇಲೆ ಬೆರಳಿಟ್ಟಳು. ಪರದೆ ಎದ್ದು ತಮ್ಮ ಬೆಳಕಿಗೆ ಬಂದ. ಭುಜ ಸ್ವಲ್ಪ ಜೋತುಬಿದ್ದಿತ್ತು.

"ಬೆನ್ನು ನೆಟ್ಟಗೆ ಮಾಡೋ ತಮ್ಮಾ," ಎಂದಳು. "ಹೆದರ್ಬೇಡ, ನಾನಿದೀನಿ."

ತಮ್ಮ ಎದೆ ಸೆಟೆಸಿ ನಿಂತ. ಕೆಳಗೆ ಎರಡನೇ, ಮೂರನೇ ಸಾಲಿನಲ್ಲಿ ಹತ್ತೊಂಬತ್ತು ಬೆನ್ನುಗಳೂ ಒಟ್ಟಿಗೇ ನೆಟ್ಟಗಾದವು. ಅವಳು ಒತ್ತಿದ್ದು ಎರಡೂ ಬಟನ್ನು. ಪಿಸಕ್ಕ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆಟದ ನಡುವೆ ಗಟ್ಟಿಯಾಗಿ ನಕ್ಕಳು. ಬೆರಳು ತೆಗೆಯಬೇಕೆಂದು ಹೊಳೆದದ್ದು ಆಮೇಲೆ.